ಮೊದಲು ಎಲೆ, ಆಮೇಲೆ ಹೂವು: ದೊಡ್ಡಹಬ್ಬಕ್ಕೆ ಊಟದ ಟೇಬಲ್ ಸಿಂಗರಿಸುವುದು ಹೇಗೆ?

ದೊಡ್ಡಹಬ್ಬ ಅಂದರೆ ನಮ್ಮ ಮಲೆನಾಡಿನ ಕಡೆ ದೀಪಾವಳಿ. ಆ ದಿನ ನಮ್ಮನೆಯಲ್ಲಿ ಊಟಕ್ಕೆ ಕೂರುತ್ತಿದ್ದುದು ನಡುಮನೆಯ ನೆಲದ ಮೇಲೆ. ಉದ್ದಕ್ಕೆ ಚಾಪೆ, ಮುಂದೆ ಬಾಳೆ ಎಲೆ, ಎಲೆಯ ಸುತ್ತ ರಂಗೋಲಿಯ ಒಂದೆಳೆ. ಈಗ ಅತ್ತೆಗೆ ಮಂಡಿ ಮಡಚಲು ಆಗುವುದಿಲ್ಲ. ಭಾವನಿಗೆ ಬೆನ್ನು ನೋವು. ಅವರಿಬ್ಬರನ್ನೇ ಕುರ್ಚಿಯಲ್ಲಿ ಕೂರಿಸಿ ಉಳಿದವರು ನೆಲದಲ್ಲಿ ಕೂತರೆ ಪಂಕ್ತಿ ಒಡೆದ ಹಾಗಾಗುತ್ತದೆ, ಅಲ್ವಾ? ಹಾಗಾಗಿ ಪಂಕ್ತಿಯನ್ನೇ ಟೇಬಲ್ ಮೇಲೆ ತಂದೆವು.

ಮೊದಲ ವರ್ಷ ನಾನು ಟೇಬಲ್ ನಡುವೆ ಎತ್ತರದ ಹಿತ್ತಾಳೆ ಚೊಂಬಿನಲ್ಲಿ ಡೇರೆ (ಡೇಲಿಯಾ) ಹೂ ಇಟ್ಟಿದ್ದೆ. ನೋಡಲು ತುಂಬಾ ಚೆನ್ನಾಗಿತ್ತು. ಆದರೆ ಎಲೆ ಹಾಕಿದ ಮೇಲೆ ಲೋಟಕ್ಕೆ ಜಾಗ ಇಲ್ಲ. ಎದುರು ಕೂತವರ ಮುಖ ಕಾಣುವುದಿಲ್ಲ. ಹುಳಿ ಬಡಿಸುವಾಗ ಚೊಂಬು ಉರುಳಿ ನೀರೆಲ್ಲ ಅತ್ತೆಯ ಎಲೆಗೆ ಹೋಯಿತು. ಅವತ್ತಿನಿಂದ ನಾನು ಮೊದಲು ಎಲೆ ಹಾಕಿ ನೋಡುತ್ತೇನೆ. ಉಳಿದ ಜಾಗಕ್ಕೆ ಮಾತ್ರ ಹೂವು.

ಹಿಂದಿನ ದಿನ ಅಳತೆ ತೆಗೆಯಿರಿ

ಆರು ಜನ ಕೂರುವ ಟೇಬಲ್ ಸುಮಾರು 5 ಅಡಿ ಉದ್ದ, 3 ಅಡಿ ಅಗಲ ಅಂದುಕೊಳ್ಳೋಣ. ಅಂದರೆ 60 ಇಂಚು, 36 ಇಂಚು. ಒಂದು ಬದಿಗೆ ಮೂವರು ಕೂತರೆ ಒಬ್ಬೊಬ್ಬರಿಗೆ 20 ಇಂಚು ಸಿಗುತ್ತದೆ. ಎಲೆಯನ್ನು 18 ಇಂಚು ಉದ್ದ, 12 ಇಂಚು ಅಗಲಕ್ಕೆ ಕತ್ತರಿಸಿಕೊಳ್ಳಿ. ಟೇಬಲ್ ಅಂಚಿನಿಂದ 1 ಇಂಚು ಒಳಗೆ ಹಾಕಿ. ಎದುರುಬದುರು ಎರಡು ಎಲೆ ಹಾಕಿದಾಗ ನಡುವೆ ಉಳಿಯುವುದು 10 ಇಂಚಿನ ಪಟ್ಟಿ. ಲೋಟಕ್ಕೂ ಅದರಲ್ಲೇ ಜಾಗ ಬೇಕು. ಹಾಗಾಗಿ ಸಿಂಗಾರಕ್ಕೆ ಸಿಗುವುದು ಒಂದು ಗೇಣಿಗೂ ಕಡಿಮೆ. ಅಷ್ಟು ಸಾಕು.

ಎತ್ತರಕ್ಕೂ ಒಂದು ಅಳತೆ ಇದೆ. ಕುರ್ಚಿಯಲ್ಲಿ ಕೂತು ಮೊಣಕೈಯನ್ನು ಟೇಬಲ್ ಮೇಲೆ ಊರಿ, ಕೈಯನ್ನು ನೇರ ಮೇಲಕ್ಕೆ ಹಿಡಿಯಿರಿ. ನಡುವೆ ಇಡುವ ಯಾವುದೂ ನಿಮ್ಮ ಮಣಿಕಟ್ಟಿಗಿಂತ ಎತ್ತರ ಇರಬಾರದು.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ನೆಲದ ಪಂಕ್ತಿಯಲ್ಲಿ ಬಡಿಸುವವರು ಎಲೆಯ ಮುಂದೆ ನಡೆಯುತ್ತಾರೆ. ಟೇಬಲ್ ಆದರೆ ಬೆನ್ನ ಹಿಂದಿನಿಂದ, ಹೆಗಲ ಮೇಲಿಂದ ಬಡಿಸಬೇಕು. ಬಿಸಿ ಸಾರು ಹಾಗೆ ಬರುವಾಗ ಮಕ್ಕಳು ಪಕ್ಕನೆ ತಿರುಗಿದರೆ ಕಷ್ಟ. ಎಲ್ಲರೂ ಕೂತ ಮೇಲೂ ಕುರ್ಚಿಯ ಹಿಂದೆ ಒಂದೂವರೆ ಎರಡು ಅಡಿ ಜಾಗ ಇರುವ ಹಾಗೆ ಟೇಬಲ್ಲನ್ನು ಗೋಡೆಯಿಂದ ಎಳೆದಿಡಿ. ಅನ್ನದ ಪಾತ್ರೆ, ಹುಳಿ, ಪಲ್ಯ ಯಾವುದೂ ಟೇಬಲ್ ಮೇಲೆ ಬೇಡ. ಪಕ್ಕದಲ್ಲಿ ಒಂದು ಬೆಂಚು ಹಾಕಿ ಅದರ ಮೇಲಿಡಿ.

ಬಟ್ಟೆ

ಬಿಳಿ ಬಟ್ಟೆ ಹಾಸುವ ಆಸೆ ಬಿಡಿ. ಬಾಳೆಯ ಸೊನೆ ತಾಗಿದರೆ ಕಂದು ಕಲೆ ನಿಲ್ಲುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ. ಟೇಬಲ್ ಪೂರ್ತಿ ಮುಚ್ಚುವುದೂ ಬೇಡ. ಮರದ ಟೇಬಲ್ ಆದರೆ ಮರವೇ ಚೆಂದ. ನಡುವಿನ ಪಟ್ಟಿಗೆ ಮಾತ್ರ ಒಂದು ಬಟ್ಟೆ ಹಾಸಿ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ‘ಚರಕ’ ಎಂಬ ಮಹಿಳಾ ಸಹಕಾರ ಸಂಘದವರು ನೈಸರ್ಗಿಕ ಬಣ್ಣದಲ್ಲಿ ಅದ್ದಿದ ಕೈಮಗ್ಗದ ಬಟ್ಟೆ ಮಾಡುತ್ತಾರೆ. ಅಡಿಕೆ ಬೇಯಿಸಿ ಉಳಿದ ಚೊಗರಿನಂಥ ಕೆಂಪುಗಂದು ಬಣ್ಣ ಹಸಿರು ಎಲೆಯ ಪಕ್ಕ ಎಷ್ಟು ಒಪ್ಪುತ್ತದೆ ಅಂದರೆ, ಬೇರೆ ಬಣ್ಣ ಹುಡುಕಬೇಕು ಅನ್ನಿಸುವುದಿಲ್ಲ. ಹೊಸದು ತರಲೇಬೇಕು ಅಂತಿಲ್ಲ. ಹಳೆಯ ಕಾಟನ್ ಸೀರೆಯ ಸೆರಗನ್ನು 8 ಇಂಚಿಗೆ ಮಡಚಿ ಇಸ್ತ್ರಿ ಮಾಡಿದರೂ ಆಯಿತು.

ಹಾಳೆಯ ಮೇಲೆ ಚಿತ್ತಾರ

ನೆಲದ ರಂಗೋಲಿಯನ್ನು ಟೇಬಲ್ ಮೇಲೆ ಪುಡಿಯಲ್ಲಿ ಹಾಕಿದರೆ ಫ್ಯಾನಿನ ಗಾಳಿಗೆ ಅನ್ನಕ್ಕೆ ಬೀಳುತ್ತದೆ. ಅದರ ಬದಲು ನಾನು ಅಡಿಕೆ ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಪದರ, ಬಳಸುತ್ತೇನೆ. ಈ ಕೆಲಸವನ್ನು ಹಬ್ಬಕ್ಕೆ ನಾಲ್ಕು ದಿನ ಮೊದಲೇ ಮಾಡಿಕೊಳ್ಳಿ.

ತೋಟದಲ್ಲಿ ಬಿದ್ದ, ತೂತಿಲ್ಲದ, ಬೂಸಲು ಹಿಡಿಯದ ಹಾಳೆ ಆರಿಸಿ. ತೊಳೆದು ಒಂದು ಗಂಟೆ ನೀರಿನಲ್ಲಿ ನೆನೆಸಿ. ಮೆತ್ತಗಾದ ಮೇಲೆ 6 ಇಂಚು ಅಗಲದ ಪಟ್ಟಿಯಾಗಿ ಕತ್ತರಿಸಿ, ನೆರಳಿನಲ್ಲಿ ಎರಡು ಮಣೆಗಳ ನಡುವೆ ಇಟ್ಟು, ಮೇಲೆ ಕಲ್ಲು ಹೇರಿ. ಎರಡು ದಿನಕ್ಕೆ ಚಪ್ಪಟೆಯಾಗಿ ಒಣಗುತ್ತದೆ. ಭಾರ ಹೇರದಿದ್ದರೆ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ.

ಆಮೇಲೆ ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ಕಲಸಿ, ಹಾಳೆಯ ಒಳಮೈಗೆ ಬಳಿಯಿರಿ. ಒಣಗಲಿ. ಮೂರು ನಾಲ್ಕು ಗಂಟೆ ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದುಕೊಳ್ಳಿ. ಅದೇ ಬಿಳಿ ಬಣ್ಣ. ಕೆಂಪಿನ ಮೇಲೆ ಬಿಳಿ ಗೆರೆ ಎಳೆಯುವುದು ನಮ್ಮ ಕಡೆಯ ಹಸೆ ಚಿತ್ತಾರದ ಕ್ರಮ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ, ಭೂಮಿ ಹುಣ್ಣಿಮೆಯಲ್ಲಿ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಬರೆಯುತ್ತಾರೆ. ಅವರ ಕುಂಚ ಪುಂಡಿ ನಾರಿನದು. ಬಿಳಿಗೆ ಅಕ್ಕಿ, ಕಪ್ಪಿಗೆ ಹುರಿದು ಕಪ್ಪಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಅವರ ಕೈಯ ಗೆರೆ ನನಗೆ ಬರುವುದಿಲ್ಲ, ಅದು ಚಿಕ್ಕಂದಿನಿಂದ ಕಲಿತ ಕೈ. ನಾನು ನಾಲ್ಕು ನೇರ ಗೆರೆ, ನಡುವೆ ಓರೆ ಗೆರೆ ಅಷ್ಟೇ ಎಳೆಯುತ್ತೇನೆ. ನಿಮ್ಮೂರಿನ ಹತ್ತಿರ ಚಿತ್ತಾರ ಬರೆಯುವವರು ಇದ್ದರೆ ದುಡ್ಡು ಕೊಟ್ಟು ಅವರಿಂದಲೇ ಬರೆಸಿ. ಹಾಳೆ ಒದ್ದೆಯಾದರೆ ಕೆಮ್ಮಣ್ಣು ಬಿಡುತ್ತದೆ. ಅದಕ್ಕೇ ಇದನ್ನು ನಡುವಿನ ಬಟ್ಟೆಯ ಮೇಲೆ ಮಾತ್ರ ಇಡಿ, ಎಲೆಯ ಅಡಿಗಲ್ಲ.

ಹೂವು, ಕಾಯಿ

ಗೋಪೂಜೆಗೆ ಹೇಗೂ ಹಣ್ಣಡಿಕೆ, ಪಚ್ಚೆತೆನೆ, ಚೆಂಡುಹೂ, ಸಿಂಗಾರ (ಅಡಿಕೆಯ ಹೂಗೊಂಚಲು) ತಂದಿರುತ್ತೀರಿ. ದನಗಳಿಗೆ ಮಾಲೆ ಕಟ್ಟಿ ಉಳಿದದ್ದೇ ಟೇಬಲ್ಲಿಗೆ ಸಾಕು. ಪೇಟೆಯಿಂದ ಪ್ಲಾಸ್ಟಿಕ್ ಹೂವು ತರುವುದು ಖಂಡಿತ ಬೇಡ.

ಹಾಳೆಯ ನಡುವೆ ಅಗಲದ, ತಗ್ಗಿನ ಒಂದು ಹಿತ್ತಾಳೆ ಬೋಗುಣಿ ಇಡಿ. ಅರ್ಧ ನೀರು. ಅದರಲ್ಲಿ ಮೂರು ಡೇರೆ ಹೂ ತೇಲಿಬಿಡಿ. ನಾಲ್ಕನೆಯದು ಬೇಡ, ಒತ್ತಾಗುತ್ತದೆ. ಡೇರೆಯನ್ನು ಬೆಳಿಗ್ಗೆ ಬಿಸಿಲು ಏರುವ ಮೊದಲೇ ಕೊಯ್ದು ನೀರಿನಲ್ಲಿ ಇಟ್ಟರೆ ಮಧ್ಯಾಹ್ನಕ್ಕೆ ಬಾಡುವುದಿಲ್ಲ. ಬೋಗುಣಿಯ ಎರಡೂ ಬದಿ ಹಣ್ಣಡಿಕೆಯ ಸಣ್ಣ ಗೊಂಚಲು, ಒಂದೆರಡು ಜರಿ ಸೊಪ್ಪು. ಕೊನೆಯಲ್ಲಿ ಒಂದು ಗಜನಿಂಬೆ. ಕಿತ್ತಳೆ, ಹಸಿರು, ಹಳದಿ, ಇಷ್ಟೇ ಬಣ್ಣ.

ಸಿಂಗಾರ ಕಣ್ಣಿಗೆ ತುಂಬಾ ಚೆಂದ. ಆದರೆ ಸುಮ್ನೆ ಮುಟ್ಟಿದರೂ ಅದರ ಕಾಳು ಉದುರುತ್ತದೆ, ಒಳಗೆ ಇರುವೆಯೂ ಇರುತ್ತದೆ. ಹೊರಗೆ ಚೆನ್ನಾಗಿ ಕೊಡವಿ, ಬಾಗಿಲಿಗೋ ಕಿಟಕಿಗೋ ಕಟ್ಟಿ. ಎಲೆಯ ಹತ್ತಿರ ಬೇಡ. ಜಾಜಿ, ಸುಗಂಧರಾಜ, ಊದುಬತ್ತಿಯೂ ಬೇಡ. ಕಾಯಿ ಕಡುಬಿನ, ಹೊಸ ತುಪ್ಪದ ಪರಿಮಳವನ್ನು ಅವು ಮುಚ್ಚಿಬಿಡುತ್ತವೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಚೌತಿಗೂ ಹೀಗೆ ಟೇಬಲ್ ಸಿಂಗರಿಸುವವರು ಗೌರಿ ಹೂ ತಂದು ಇಡಬೇಡಿ. ಬೇಲಿಯ ಮೇಲೆ ಬೆಂಕಿಯ ಹಾಗೆ ಅರಳುವ ಈ ಅಗ್ನಿಶಿಖೆಯ ಇಡೀ ಗಿಡ ವಿಷ. ಗೆಡ್ಡೆಯಂತೂ ಜೀವಕ್ಕೇ ಅಪಾಯ. ಕಣಗಿಲೆಯೂ ಹಾಗೇ. ದೇವರ ಮುಂದೆ ಇರಲಿ, ಅನ್ನದ ಪಕ್ಕ ಬೇಡ.

ಜಾಗ ತೀರಾ ಕಡಿಮೆ ಇದ್ದರೆ ಅಲಂಕಾರವನ್ನು ಮೇಲೆ ತೂಗಿಸಿ. ಚೌತಿಯಲ್ಲಿ ಗಣಪತಿಯ ಮೇಲೆ ಹಣ್ಣು, ಕಾಯಿಗಳ ಫಲಾವಳಿ ಕಟ್ಟುತ್ತಾರಲ್ಲ, ಹಾಗೆ. ಹಳೆಯ ಮನೆಗಳಲ್ಲಿ ಮೊಗೆಕಾಯಿಯನ್ನು (ಮಂಗಳೂರು ಸೌತೆ) ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕಿ ತಿಂಗಳುಗಟ್ಟಲೆ ಇಡುತ್ತಿದ್ದರು. ಅದೇ ಗಂಟು, ಅದೇ ನಾರು. ಟೇಬಲ್ಲಿನ ನಡುಪಟ್ಟಿಯ ನೇರಕ್ಕೆ ಮಾತ್ರ, ತಲೆಗೆ ತಾಗದಷ್ಟು ಎತ್ತರಕ್ಕೆ ಕಟ್ಟಿ. ಹಗುರದ ಕಾಯಿಗಳನ್ನೇ ಆರಿಸಿ. ಟೇಬಲ್ ಮೇಲೆ ಫ್ಯಾನ್ ಇದ್ದರೆ ಈ ಯೋಚನೆ ಬಿಟ್ಟುಬಿಡಿ.

ದೀಪ

ಮಧ್ಯಾಹ್ನದ ಊಟಕ್ಕೆ ದೀಪದ ಅಗತ್ಯ ಇಲ್ಲ. ರಾತ್ರಿಯಾದರೆ ಬೋಗುಣಿಯ ಹೂವಿನ ಜಾಗದಲ್ಲಿ ಒಂದು ತಟ್ಟೆ ಇಟ್ಟು, ತೆಳುವಾಗಿ ನೀರು ಹಾಕಿ, ಅದರಲ್ಲಿ ಎರಡು ಹಣತೆ ಇಡಿ. ಒಣಗಿದ ಹಾಳೆ ಬೇಗ ಹತ್ತಿಕೊಳ್ಳುತ್ತದೆ, ಅದಕ್ಕೇ ನೀರು. ಬಡಿಸುವವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ.

ಎಲೆ ಹಾಕುವುದು

ಎಲೆಯನ್ನು ಹಿಂದಿನ ಸಂಜೆಯೇ ಕೊಯ್ದು, ಸೊನೆ ಇಳಿಯಲು ಬಿಟ್ಟು, ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಕುಡಿ ಎಲೆ ಹಿರಿಯರಿಗೆ. ತುದಿ ಉಣ್ಣುವವರ ಎಡಕ್ಕೆ ಬರಲಿ. ಬೆಂಕಿಯ ಮೇಲೆ ಹಗುರಾಗಿ ಬಾಡಿಸಿಕೊಂಡರೆ ಎಲೆ ಸೀಳುವುದಿಲ್ಲ.

ನೆಲದಲ್ಲಿ ಸಾರು ಎಲೆ ದಾಟಿದರೆ ನೆಲಕ್ಕೆ ಹೋಗುತ್ತದೆ. ಟೇಬಲ್ಲಿನಲ್ಲಿ ಮಡಿಲಿಗೇ ಬರುತ್ತದೆ. ಅದಕ್ಕೆ ಒಂದು ಉಪಾಯ: ತೆಳು ಟವೆಲನ್ನು ಬೆರಳು ದಪ್ಪಕ್ಕೆ ಸುತ್ತಿ, ಉಣ್ಣುವವರ ಕಡೆಯ ಎಲೆಯ ಅಂಚಿನ ಅಡಿಗೆ ಉದ್ದಕ್ಕೆ ಇಡಿ. ಎಲೆ ಆ ಬದಿ ಸ್ವಲ್ಪ ಎದ್ದು ನಿಲ್ಲುತ್ತದೆ. ಸಾರು ಒಳಗೇ ಉಳಿಯುತ್ತದೆ. ತಂಬುಳಿಗೆ, ಪಾಯಸಕ್ಕೆ ಒಂದೊಂದು ದೊನ್ನೆ ಕೊಡಿ. ಮಕ್ಕಳಿಗಂತೂ ಕೊಡಲೇಬೇಕು.

ಕೊನೆಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಸಣ್ಣ ಭರಣಿ, ತುಪ್ಪದ ಗಿಂಡಿ ಎರಡನ್ನೂ ನಡುಪಟ್ಟಿಗೆ ತನ್ನಿ. ಇವೂ ಅಲಂಕಾರವೇ. ಎಲ್ಲರೂ ಕೂರುವ ಮೊದಲು ಎಲೆಯ ಎಡ ಮೂಲೆಗೆ ಉಪ್ಪು ಬಡಿಸಿ, ಬಾಗಿಲ ಹತ್ತಿರ ನಿಂತು ಒಂದು ಸಲ ನೋಡಿ. ಏನೋ ಜಾಸ್ತಿ ಆಯಿತು ಅನ್ನಿಸಿದರೆ ಅದನ್ನು ತೆಗೆದೇಬಿಡಿ.

ಊಟ ಆದ ಮೇಲೆ ಎಲೆಗಳು ಕೊಟ್ಟಿಗೆಗೆ, ಹೂವು ಗೊಬ್ಬರದ ಗುಂಡಿಗೆ. ಚಿತ್ತಾರದ ಹಾಳೆಯನ್ನು ಒಣ ಬಟ್ಟೆಯಲ್ಲಿ ಒರೆಸಿ ಅಟ್ಟಕ್ಕೆ ಹಾಕಿ, ಮುಂದಿನ ವರ್ಷಕ್ಕೂ ಬರುತ್ತದೆ. ಟೇಬಲ್ ಒರೆಸಿ, ಬೋಗುಣಿ ಇದ್ದ ಜಾಗಕ್ಕೆ ಕವಳದ ಹರಿವಾಣ ತಂದಿಡಿ. ಅತ್ತೆ, ಭಾವ ಯಾರೂ ಕುರ್ಚಿ ಬಿಟ್ಟು ಏಳುವುದು ಬೇಡ. ಎಲೆ, ಅಡಿಕೆ, ಸುಣ್ಣ ಅವರ ಕೈಗೆ ಎಟುಕುವಲ್ಲೇ ಇರಲಿ.