ಒಂದು ಹಸಿರು, ಒಂದು ಕೆಂಪು: ಸೋದರಿ ನರಕೋಶಗಳನ್ನು ಕೊನೆಗೂ ಹಿಡಿದದ್ದು

ಕಳೆದ ಗುರುವಾರ ಸಂಜೆ ಸಿ. ಎಲೆಗನ್ಸ್ ಎಂಬ ಪುಟ್ಟ ಹುಳು ಒಂದರೊಳಗೇ ಎಎಲ್‌ಎಂ ಎಂಬ ನರಕೋಶ ಅಪ್ಪಟ ಹಸಿರಾಗಿಯೂ ಅದರ ಸೋದರಿ ನರಕೋಶ ಬಿಡಿಯು ಅಪ್ಪಟ ಕೆಂಪಾಗಿಯೂ ಕಂಡವು. ‘ಆ ಹಳೆಯ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಕರುಳಿನ ಹೊಳಪು ಮಾತ್ರ’ ಎಂದು ಎರಡು ವರ್ಷದಿಂದ ಹಂಗಿಸುತ್ತಿದ್ದ ಸಹೋದ್ಯೋಗಿಯನ್ನು ಕರೆದು ಕುರ್ಚಿ ಬಿಟ್ಟುಕೊಟ್ಟೆ. ಐದು ನಿಮಿಷ ನೋಡಿ ‘ಇನ್ನೊಂದು ಹುಳು ತೋರಿಸಿ’ ಎಂದರು. ತೋರಿಸಿದೆ. ಅಂದಿನ ಕಾಫಿ ಅವರ ಲೆಕ್ಕಕ್ಕೆ.

ಇದು ಹೊಸ ಶೋಧವಲ್ಲ. ಸ್ಯಾಡ್-1 ವಂಶವಾಹಿಯ 15ನೇ ಎಕ್ಸಾನ್, ಅಂದರೆ ಅದರ ಆರ್‌ಎನ್‌ಎ ಸಂದೇಶದ ಒಂದು ತುಣುಕು, ಎಎಲ್‌ಎಂನಲ್ಲಿ ಉಳಿಯುತ್ತದೆ, ಬಿಡಿಯುನಲ್ಲಿ ಕಳಚಿಹೋಗುತ್ತದೆ, ಹೆಚ್ಚಿನ ನರಕೋಶಗಳಲ್ಲಿ ಎರಡೂ ರೂಪ ಇರುತ್ತವೆ ಎಂದು ಡಲ್ಲಾಸ್‌ನ ಪ್ರಯೋಗಾಲಯವೊಂದು 2019ರಲ್ಲೇ ಪ್ರಕಟಿಸಿದೆ. ಒಂದೇ ತಾಯಿಕೋಶ ಒಡೆದು ಹುಟ್ಟಿದವು ಇವೆರಡು. ಒಂದು ಮೃದು ಸ್ಪರ್ಶ ಅರಿಯುವ ಕೋಶವಾಗುತ್ತದೆ, ಇನ್ನೊಂದು ಬೇರೆ ದಾರಿ ಹಿಡಿಯುತ್ತದೆ. ನನಗೆ ಬೇಕಿದ್ದದ್ದು ಅದನ್ನು ನಮ್ಮ ಬೆಂಗಳೂರಿನ ಕೋಣೆಯಲ್ಲಿ, ನನ್ನದೇ ರಚನೆಯಿಂದ, ನನ್ನ ಕಣ್ಣಿನಿಂದ ನೋಡುವುದು.

ಒಂದೊಂದೇ ಕೋಶದ ಆರ್‌ಎನ್‌ಎ ಓದುವ ಏಕಕೋಶ ಸೀಕ್ವೆನ್ಸಿಂಗ್‌ಗೆ ಬೆಲೆ ವಿಚಾರಿಸಿದ್ದೆ. ಐದೂವರೆಯೋ ಆರೋ ಲಕ್ಷ ಎಂದರು. ಅಷ್ಟು ಕೊಟ್ಟರೂ ಓದಿದ ತುಣುಕುಗಳಲ್ಲಿ ಎಷ್ಟು ಆ ಒಂದೇ ಎಕ್ಸಾನಿನ ಮೇಲೆ ಬೀಳುತ್ತವೆ ಎಂದು ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಬರಲಿಲ್ಲ. ವಂಶವಾಹಿಯ ಆ ಭಾಗವನ್ನಷ್ಟೇ ಬಣ್ಣದ ಪ್ರೋಟೀನುಗಳಿಗೆ ಜೋಡಿಸಿದ ಎರಡು ಬಣ್ಣದ ಮಿನಿಜೀನೇ ಸಾಕೆಂದು ನಿರ್ಧರಿಸಿದೆ. ಎಕ್ಸಾನ್ ಕಳಚಿದರೆ ಕೆಂಪು ಹೊಳೆಯುವ ಎಂ-ಚೆರ್ರಿ, ಉಳಿದರೆ ಓದಿನ ಚೌಕಟ್ಟು (ಅಕ್ಷರಗಳನ್ನು ಮೂರು ಮೂರಾಗಿ ಓದುವ ಲೆಕ್ಕ) ಪಲ್ಲಟವಾಗಿ ಅದರ ನಂತರ ಬರುವ ಹಸಿರು ಜಿಎಫ್‌ಪಿ. ಈ ಕ್ಷೇತ್ರದವರಿಗೆಲ್ಲ ಗೊತ್ತಿರುವ ಹೂಟವೇ.

ಗೊತ್ತಿದ್ದೂ ಎಡವಿದೆ. ಮೊದಲ ರಚನೆಯಲ್ಲಿ ಎಲ್ಲ ನರಕೋಶಗಳೂ ಕೆಂಪು, ಎಎಲ್‌ಎಂ ಕೂಡ. ಡಿಎನ್‌ಎ ಇಂಜೆಕ್ಷನ್ ಕೆಟ್ಟಿತೆಂದು ಸುಮಾರು 60 ಹುಳುಗಳಿಗೆ ಮತ್ತೆ ಚುಚ್ಚಿದೆ, ಪ್ರವರ್ತಕವನ್ನು (ವಂಶವಾಹಿಯನ್ನು ಚಾಲೂ ಮಾಡುವ ಭಾಗ) ಬದಲಿಸಿದೆ, ಫಿಲ್ಟರ್ ಬದಲಿಸಿದೆ. ಫಿಲ್ಟರಿಗೇ ನಲವತ್ತು ಸಾವಿರದಷ್ಟು ಹೋಯಿತು. ಮೂರು ತಿಂಗಳ ನಂತರ ರಚನೆಯ ಡಿಎನ್‌ಎ ಅನುಕ್ರಮವನ್ನು ಕಾಗದದ ಮೇಲೆ ಮುದ್ರಿಸಿ, ಬೆರಳಿಟ್ಟು ಓದಿದಾಗ ತಿಳಿಯಿತು: ಚೌಕಟ್ಟು ಪಲ್ಲಟಿಸಲು ಎಕ್ಸಾನಿನೊಳಗೆ ಸೇರಿಸಬೇಕಿದ್ದ ಒಂದೇ ಒಂದು ಅಕ್ಷರವನ್ನು ನಾನು ಸೇರಿಸಿಯೇ ಇರಲಿಲ್ಲ. ಅದನ್ನು ಸರಿಪಡಿಸಿದ ಪ್ರೈಮರ್ ಎಂಬ ಡಿಎನ್‌ಎ ತುಣುಕಿನ ಬೆಲೆ ನಾನೂರು ರೂಪಾಯಿ.

ಎರಡನೆಯ ಕಾಟ ದುರಾಸೆಯದು. ಬಣ್ಣ ಚೆನ್ನಾಗಿ ಹೊಳೆಯಲಿ ಎಂದು ಡಿಎನ್‌ಎ ಹೆಚ್ಚು ಹಾಕಿದೆ. ಪ್ರತಿಗಳು ಜಾಸ್ತಿಯಾದರೆ ಕೋಶದ ಸ್ಪ್ಲೈಸಿಂಗ್ (ಆರ್‌ಎನ್‌ಎಯ ತುಣುಕುಗಳನ್ನು ಕತ್ತರಿಸಿ ಜೋಡಿಸುವ) ಪ್ರೋಟೀನುಗಳು ಸಾಲದೆ ಬರುತ್ತವೆ. ಎಲ್ಲ ಕಡೆ ಹಸಿರು-ಕೆಂಪು ಕಲಸಿದ ಹಳದಿ. ‘ಮಿನಿಜೀನ್ ಸುಳ್ಳು ಹೇಳುತ್ತದೆ’ ಎಂದವರು ಆಗ ಹೇಳಿದ್ದು ಸರಿಯೇ ಇತ್ತು. ಪ್ರಮಾಣವನ್ನು ಹತ್ತನೇ ಒಂದು ಭಾಗಕ್ಕಿಂತ ಕಡಿಮೆಗೆ ಇಳಿಸಿ, ಉಳಿದದ್ದನ್ನು ಬರಿಯ ಭರ್ತಿ ಡಿಎನ್‌ಎಯಿಂದ ತುಂಬಿಸಿದೆ. ಯಾವ ಭರ್ತಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಣ್ಣ ಮಸುಕಾಯಿತು, ಆದರೆ ನಿಜವಾಯಿತು. ಕರುಳಿನ ಸ್ವಂತ ಹೊಳಪು ಹಸಿರಿಗೆ ಅಡ್ಡ ಬರುತ್ತಿತ್ತು. ಎಳೆಯ ಹುಳುಗಳನ್ನೇ ಆರಿಸಿ, ಪಕ್ಕಕ್ಕೆ ಮಲಗಿದವನ್ನು ಮಾತ್ರ ಎಣಿಸಿದೆ. ನಡುವೆ ಹಣ ಉಳಿಸಲು ಹುಳುಗಳ ಕೆಳಗೆ ಹಾಸುವ ಅಗರೋಸ್ ಜೆಲ್ಲಿಯ ಬದಲು ದಿನಸಿ ಅಂಗಡಿಯ ಚೈನಾ ಗ್ರಾಸ್ ಹಾಸಿ ನೋಡಿದ್ದೂ ಉಂಟು. ಕಸದ ಕಣಗಳೆಲ್ಲ ನಕ್ಷತ್ರಗಳಂತೆ ಮಿನುಗಿದವು. ಉಳಿದ ಪೊಟ್ಟಣ ಮನೆಯಲ್ಲಿ ಸಿಹಿತಿಂಡಿಯಾಯಿತು.

ಬಣ್ಣ ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ. ಈ ಎಕ್ಸಾನನ್ನು ಎಎಲ್‌ಎಂನಲ್ಲಿ ಉಳಿಸುವುದು ಮೆಕ್-8 ಮತ್ತು ಎಂಬಿಎಲ್-1 ಎಂಬ ಎರಡು ಆರ್‌ಎನ್‌ಎ ಬಂಧಕ ಪ್ರೋಟೀನುಗಳು. ಮೆಕ್-8 ಅನ್ನು ಆರ್‌ಎನ್‌ಎಐ (ಆರ್‌ಎನ್‌ಎ ಬಳಸಿ ವಂಶವಾಹಿಯ ಬಾಯಿ ಮುಚ್ಚಿಸುವ ವಿಧಾನ) ಬ್ಯಾಕ್ಟೀರಿಯಾ ತಿನ್ನಿಸಿ ಅಡಗಿಸಲು ಹೋದದ್ದು ಶುದ್ಧ ದಡ್ಡತನ. ಮಾಮೂಲಿ ಹುಳುವಿನ ನರಕೋಶ ಅದಕ್ಕೆ ಜಗ್ಗುವುದಿಲ್ಲ ಎಂದು ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕೊನೆಗೆ ಮಿನ್ನೆಸೋಟದ ಹುಳು ಭಂಡಾರದಿಂದ ಮೆಕ್-8 ಕೆಟ್ಟಿರುವ ರೂಪಾಂತರಿ ಹುಳುವನ್ನು ತರಿಸಿಕೊಂಡೆ. ದಾರಿಯಲ್ಲಿ ಮೂರು ವಾರ ಸಿಕ್ಕಿಬಿದ್ದ ತಟ್ಟೆಯಲ್ಲಿ ಹಸಿದ ಮರಿಗಳು ಇನ್ನೂ ಹರಿದಾಡುತ್ತಿದ್ದವು.

ಅದನ್ನು ನನ್ನ ಎರಡು ಬಣ್ಣದ ಹುಳುವಿನೊಂದಿಗೆ ಅಡ್ಡತಳಿ ಮಾಡಿದ ಮೇಲೆ ಎಎಲ್‌ಎಂನಲ್ಲಿ ಕೆಂಪು ಇಣುಕಿತು. 40ರಷ್ಟು ಹುಳು ನೋಡಿದೆ, ನಾಲ್ಕೈದನ್ನು ಬಿಟ್ಟರೆ ಎಲ್ಲದರಲ್ಲೂ ಅದೇ. ಟೂತ್‌ಪಿಕ್ ತುದಿಗೆ ನನ್ನದೇ ಹುಬ್ಬಿನ ಕೂದಲು ಅಂಟಿಸಿ ತಲೆಯ ಹಿಂದೆ ಸವರಿದೆ. ಸಾಮಾನ್ಯ ಹುಳು ತಟ್ಟನೆ ಹಿಂದಕ್ಕೆ ಸರಿಯಿತು, ಇದು ತನ್ನ ಪಾಡಿಗೆ ಮುಂದಕ್ಕೇ ಹೋಯಿತು. ಆ ಜಡತೆಗೆ ಸ್ಯಾಡ್-1 ಕಾರಣವೆಂದು ನಾನು ವಾದಿಸುವುದಿಲ್ಲ. ಸ್ಪರ್ಶಕ್ಕೆ ಬೇಕಾದ ಮೆಕ್-2ರ ಸ್ಪ್ಲೈಸಿಂಗ್ ಕೂಡ ಮೆಕ್-8ರ ಕೈಯಲ್ಲೇ ಇದೆ. ಅದಕ್ಕೊಂದು ಮಿನಿಜೀನ್ ಈಗ ಅರ್ಧ ಸಿದ್ಧವಾಗಿದೆ. ಈ ಸಲ ಮೊದಲೇ ಮುದ್ರಿಸಿ ಓದಿದ್ದೇನೆ.

ಒಟ್ಟು ಖರ್ಚು, ಫಿಲ್ಟರ್ ಸೇರಿ, ಒಂದು ಲಕ್ಷದ ಒಳಗೇ ಇರಬೇಕು. ಎರಡು ಬಣ್ಣದ ತಳಿ ಬೇಕಾದವರು ಬಂದು ತಟ್ಟೆ ಒಯ್ಯಬಹುದು. ಇಂಜೆಕ್ಷನ್ ಸೂಜಿಯ ತುದಿಯನ್ನು ಹೇಗೆ ಮುರಿಯುತ್ತೇನೆ ಎಂದು ಮಾತ್ರ ಕೇಳಬೇಡಿ.