ಬಜೆಟ್‌ನಲ್ಲಿ ಘೋಷಿಸಿದ ದುಡ್ಡು ನಿಜವಾಗಿ ಖರ್ಚಾಗುತ್ತಾ? ಹೀಗೆ ನೋಡಿ

"ನಮ್ಮ ಏರಿಯಾಗೆ ಬಜೆಟ್‌ನಲ್ಲಿ ಆಸ್ಪತ್ರೆ ಬಂತು" ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ವಿಧಾನಸೌಧದಲ್ಲಿ ಓದುವ ಬಜೆಟ್ ಭಾಷಣ ಖರ್ಚಿಗೆ ಅನುಮತಿ ಅಲ್ಲ. ರಾಜ್ಯದ ಸಂಚಿತ ನಿಧಿಯಿಂದ (ತೆರಿಗೆ, ಸಾಲದ ದುಡ್ಡೆಲ್ಲ ಸೇರುವ ಸರ್ಕಾರದ ಮುಖ್ಯ ನಿಧಿ) ಒಂದು ರೂಪಾಯಿ ತೆಗೆಯಬೇಕಾದರೂ ಕಾನೂನು ಬೇಕು ಅಂತ ಸಂವಿಧಾನದ 266(3)ನೇ ವಿಧಿ ಹೇಳುತ್ತದೆ.

ಮೊದಲು ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಬಜೆಟ್ ಸಂಪುಟಗಳನ್ನು ತೆರೆದು ಲೆಕ್ಕ ಶೀರ್ಷಿಕೆ, ಅಂದರೆ ದುಡ್ಡು ಯಾವ ಬಾಬ್ತಿಗೆ ಅಂತ ಗುರುತಿಸುವ ಸಂಕೇತ ಸಂಖ್ಯೆ, ಹುಡುಕಿ. ಮೊದಲ ನಾಲ್ಕು ಅಂಕಿ ಮುಖ್ಯ. ಆಸ್ಪತ್ರೆಯ ಸಂಬಳ, ಔಷಧಿ ಇರುವುದು 2210ರಲ್ಲಿ, ಹೊಸ ಕಟ್ಟಡ ಸಾಮಾನ್ಯವಾಗಿ 4210ರಲ್ಲಿ. ಭಾಷಣದಲ್ಲಿ ದೊಡ್ಡ ಮೊತ್ತ ಹೇಳಿ ಇಲ್ಲಿ ಹೆಸರಿಗೆ ಒಂದಿಷ್ಟು ಇಟ್ಟಿದ್ದರೆ, ಅಥವಾ ಏನೂ ಇಲ್ಲದಿದ್ದರೆ, ಅಲ್ಲೇ ಗೊತ್ತಾಗುತ್ತೆ ಅಲ್ವಾ.

ಆಮೇಲೆ ಧನವಿನಿಯೋಗ ವಿಧೇಯಕ ಪಾಸಾಯಿತಾ ನೋಡಿ, ಖರ್ಚಿಗೆ ನಿಜವಾದ ಅಧಿಕಾರ ಕೊಡುವುದು ಅದೇ (204ನೇ ವಿಧಿ). ಬರೀ ಲೇಖಾನುದಾನ (ಪೂರ್ತಿ ಬಜೆಟ್‌ಗೆ ಒಪ್ಪಿಗೆ ಸಿಗುವ ತನಕದ ತಾತ್ಕಾಲಿಕ ಅನುಮತಿ) ಆಗಿದ್ದರೆ ಕೆಲವು ತಿಂಗಳಿಗಷ್ಟೇ ದುಡ್ಡು. ವರ್ಷದ ನಡುವೆ ಜಾಸ್ತಿ ಬೇಕಾದರೆ ಪೂರಕ ಅಂದಾಜು ತಂದು ಮತ್ತೆ ಸದನದ ಒಪ್ಪಿಗೆ ಪಡೆಯಬೇಕು. ಸಾಲದ ಬಡ್ಡಿ, ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳದಂಥವು ಮಾತ್ರ ಮತಕ್ಕೆ ಬರುವುದಿಲ್ಲ. ಆದರೆ ಅವೂ ಈ ವಿಧೇಯಕದಲ್ಲಿ ಸೇರಿರಬೇಕು.

ಇಷ್ಟಾದರೂ ಆದೇಶ ಇಲ್ಲದೆ ಕೆಲಸ ಶುರುವಾಗಲ್ಲ. ಸರ್ಕಾರಿ ಆದೇಶ ಕೈಗೆ ಸಿಕ್ಕರೆ ಪ್ರಸ್ತಾವನೆ ಬಿಟ್ಟು ಕೊನೆಯ ಪ್ಯಾರಾಕ್ಕೆ ಹೋಗಿ, ಜೀವ ಇರುವುದು ಅಲ್ಲಿ. "ಆರ್ಥಿಕ ಇಲಾಖೆಯ ಟಿಪ್ಪಣಿ ಸಂಖ್ಯೆ ಇಂಥದ್ದು, ದಿನಾಂಕ ಇಂಥದ್ದರಲ್ಲಿ ನೀಡಿರುವ ಸಹಮತಿಯ ಮೇರೆಗೆ" ಅನ್ನುವ ಸಾಲು ಇದೆಯಾ, ವೆಚ್ಚ ಯಾವ ಲೆಕ್ಕ ಶೀರ್ಷಿಕೆಗೆ ಹಾಕಿದ್ದಾರೆ, ನೋಡಿ. ಇಲಾಖೆಗೇ ವಹಿಸಿದ ಅಧಿಕಾರದಲ್ಲಿ ಹೊರಡಿಸಿದ್ದರೆ ಅದನ್ನೂ ಬರೆದಿರುತ್ತಾರೆ. ಸಹಮತಿಯ ಸಾಲು, ವಹಿಸಿದ ಅಧಿಕಾರದ ಮಾತು ಎರಡೂ ಇಲ್ಲದಿದ್ದರೆ ಕೇಳಬೇಕಾದ ಪ್ರಶ್ನೆ ಇದೆ ಅಂತ ಅರ್ಥ. ಇನ್ನೊಂದು: ಆಡಳಿತಾತ್ಮಕ ಅನುಮೋದನೆ (ಕೆಲಸ ಕೈಗೊಳ್ಳಬಹುದು ಅನ್ನುವ ಒಪ್ಪಿಗೆ) ಬೇರೆ, ಹಣ ಬಿಡುಗಡೆ ಬೇರೆ. ಫ್ಲೆಕ್ಸ್ ಹಾಕುವವರು ಮೊದಲನೆಯದಕ್ಕೇ ಹಾಕಿಬಿಡುತ್ತಾರೆ.

ಮಾರ್ಚ್ 31 ದಾಟಿದರೆ ಆ ವರ್ಷದ ಅಧಿಕಾರ ಮುಗಿಯಿತು, ಉಳಿದ ಕೆಲಸಕ್ಕೆ ಹೊಸ ವರ್ಷದ ಬಜೆಟ್‌ನಲ್ಲಿ ಮತ್ತೆ ಜಾಗ ಬೇಕು.

ಇದ್ಯಾವುದೂ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ಕಥೆ ಬರೆಯಬೇಡಿ, ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಆದೇಶದ ಪ್ರತಿ, ಲೆಕ್ಕ ಶೀರ್ಷಿಕೆ, ಬಿಡುಗಡೆಯಾದ ಮೊತ್ತ, ಖರ್ಚಾದ ಮೊತ್ತ ಕೇಳಿದರೆ ಸಾಕು.