ಮಂಗನ ಕಾಯಿಲೆಯ ಲಸಿಕೆ ನಿಂತ ಮೇಲೆ

2022ರಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ, ಮಂಗನ ಕಾಯಿಲೆಯ ಲಸಿಕೆ ಇನ್ನು ಬರುವುದಿಲ್ಲ ಎಂದು ನಮಗೆ ತಿಳಿಯಿತು. ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಕಡೆ ಒಂದು ಉಪಕೇಂದ್ರದಲ್ಲಿ ನಾನು ಆರೋಗ್ಯ ಸಹಾಯಕಿ. ವರ್ಷ ವರ್ಷವೂ ಮನೆ ಮನೆಗೆ ಹೋಗಿ "ಚುಚ್ಚಿಸಿಕೊಳ್ಳಿ, ತಪ್ಪಿಸಬೇಡಿ" ಎಂದು ಬೇಡಿಕೊಂಡವಳು ನಾನೇ. ಈಗ ಅದೇ ಮನೆಗಳಿಗೆ ಹೋಗಿ ಲಸಿಕೆ ನಿಂತಿದೆ ಎಂದು ಹೇಳಬೇಕಿತ್ತು. ಎದುರಿಗೆ ನವೆಂಬರ್ ಇತ್ತು. ಆಗಿನಿಂದ ಮೇ ತಿಂಗಳವರೆಗೆ, ಕಾಡಿನ ಉಣುಗು (ಉಣ್ಣೆ) ಕಚ್ಚಿ ಹರಡುವ ಈ ಕಾಯಿಲೆಯ ಕಾಲ. ಜನ ಸೊಪ್ಪಿನಬೆಟ್ಟಕ್ಕೆ ಹೋಗಿ ಕೊಟ್ಟಿಗೆಗೆ ದರಕು (ಉದುರಿದ ಒಣ ಎಲೆ) ಗುಡಿಸಿ ತರುವುದೂ ಆಗಲೇ.

1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆ ಮೊದಲು ಪತ್ತೆಯಾಯಿತು. ಆದ್ದರಿಂದ ನಮ್ಮ ಕಡೆಯ ಹಿರಿಯರಿಗೆ ಇದು ಹೊಸದಲ್ಲ. ಆದರೆ 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ನಮ್ಮ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಆದ ಸಾವುಗಳು ಇಡೀ ಸೀಮೆಯನ್ನೇ ನಡುಗಿಸಿದ್ದವು. ಆ ವರ್ಷದ ಹೆದರಿಕೆ ಇನ್ನೂ ಆರಿರಲಿಲ್ಲ. ಹೀಗಿರುವಾಗ ಲಸಿಕೆ ನಿಂತ ಸುದ್ದಿಯನ್ನು ಸ್ವಲ್ಪ ದಿನ ಹೇಳದೇ ಇರೋಣ, ಕೇಳಿದವರಿಗೆ "ಸ್ಟಾಕ್ ಇಲ್ಲ" ಎಂದರಾಯಿತು ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಸ್ಟಾಕ್ ಇಲ್ಲ ಎಂದರೆ ಜನ ಬರುತ್ತದೆ ಎಂದು ಕಾಯುತ್ತಾರೆ. ಕಾಯುತ್ತಲೇ ಬರಿಗಾಲಿನಲ್ಲಿ ಬೆಟ್ಟಕ್ಕೂ ಹೋಗುತ್ತಾರೆ. ಇದ್ದದ್ದನ್ನು ಇದ್ದ ಹಾಗೆ, ನವೆಂಬರಿಗೆ ಮುಂಚೆಯೇ ಹೇಳಿಬಿಡಬೇಕು ಎಂದು ನಾನೂ ಆಶಾ ಕಾರ್ಯಕರ್ತೆಯರೂ ತೀರ್ಮಾನಿಸಿದೆವು.

ಎಲ್ಲಿ ಹೇಳುವುದು? ಅಂಗನವಾಡಿಯಲ್ಲಿ ಸಭೆ ಕರೆದರೆ ತಾಯಂದಿರು ಬರುತ್ತಾರೆ, ಗಂಡಸರು ಬರುವುದಿಲ್ಲ. ಗ್ರಾಮಸಭೆಗೆ ರಸ್ತೆ, ಮನೆ, ಬಿಲ್ಲಿನ ಮಾತೇ ಸಾಕಾಗುತ್ತದೆ. ನಾವು ಆರಿಸಿಕೊಂಡದ್ದು ಎರಡು ಜಾಗ. ಬೆಳಿಗ್ಗೆ ಹಾಲಿನ ಡೈರಿ, ರಾತ್ರಿ ಅಡಿಕೆ ಸುಲಿಯುವ ಮನೆ. ಡೈರಿಯಲ್ಲಿ ಸಿಗುವುದು ಐದೇ ನಿಮಿಷ. ಆದರೆ ದನ ಕಟ್ಟಿದವರೆಲ್ಲ ಅಲ್ಲಿಗೆ ಬರುತ್ತಾರೆ, ದರಕು ಬೇಕಾದವರೂ ಅವರೇ. ಅಡಿಕೆ ಸುಲಿಯುವಲ್ಲಿ ಮಾತಿಗೆ ಗಡಿಬಿಡಿಯಿಲ್ಲ. ಮೆಟ್ಟುಗತ್ತಿಯ ಮುಂದೆ ಕೈ ಕೆಲಸ ಮಾಡುತ್ತಿರುತ್ತದೆ, ಕಿವಿ ಖಾಲಿ ಇರುತ್ತದೆ. ನಾನೂ ಒಂದು ಮಣೆ ಎಳೆದುಕೊಂಡು ಕೂತು ಸುಲಿದ ಅಡಿಕೆ ಆರಿಸುತ್ತಾ ಮಾತಾಡಿದೆ. ಸಭೆಯಲ್ಲಿ ಬಾಯಿ ಬಿಡದ ಹೆಂಗಸರು ಅಲ್ಲಿ ಕೇಳಿದ ಪ್ರಶ್ನೆಗಳಿಂದಲೇ ನನ್ನ ಮುಂದಿನ ಕೆಲಸ ರೂಪುಗೊಂಡಿತು.

"ಅಷ್ಟು ವರ್ಷ ಚುಚ್ಚಿಸಿಕೊಂಡದ್ದೆಲ್ಲ ದಂಡವಾಯಿತೇ ಸಿಸ್ಟರ್?" ಎಂದು ಒಬ್ಬ ಹಿರಿಯ ಹೆಂಗಸು ಕೇಳಿದರು. ಅವರ ಸಿಟ್ಟು ನ್ಯಾಯವಾದದ್ದು. ಆ ಲಸಿಕೆ ಸುಲಭದ್ದಾಗಿರಲಿಲ್ಲ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ತೋಳು ನೋಯುತ್ತಿತ್ತು, ಮರುದಿನದ ಕೂಲಿ ತಪ್ಪುತ್ತಿತ್ತು. "ನೀವು ಪಟ್ಟ ನೋವು ನಿಜ ಅಮ್ಮ" ಎಂದೆ. "ಆ ಲಸಿಕೆಯ ರಕ್ಷಣೆ ಸಾಲದು ಎಂದು ಪರೀಕ್ಷೆಗಳಲ್ಲಿ ಗೊತ್ತಾಯಿತು. ಸಾಲದು ಎಂದು ಗೊತ್ತಾದ ಮೇಲೂ ಸಾಕು ಎಂದು ಹೇಳಿ ನಿಮ್ಮನ್ನು ಬೆಟ್ಟಕ್ಕೆ ಕಳಿಸಿದರೆ ಅದು ದ್ರೋಹವಾಗುತ್ತದೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈಗ ಏನು ಮಾಡುವುದು ಹೇಳು" ಎಂದರು. ನಿಂತ ಸುದ್ದಿ ಹೇಳಿದ ಬಾಯಲ್ಲೇ ಮುಂದಿನ ದಾರಿಯನ್ನೂ ಹೇಳದಿದ್ದರೆ ಜನ ಎದ್ದು ಹೋಗುತ್ತಾರೆ ಎಂಬುದು ನನಗೆ ಅಲ್ಲೇ ಸ್ಪಷ್ಟವಾಯಿತು.

ಮುಂದಿನ ದಾರಿ ಎಂದರೆ ಎಣ್ಣೆ, ಬಟ್ಟೆ, ಬಿಸಿನೀರು. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆಯನ್ನು ಆರೋಗ್ಯ ಇಲಾಖೆ ಉಚಿತವಾಗಿ ಕೊಡುತ್ತದೆ. ಬಾಟಲಿ ಹಂಚುವುದು ಸುಲಭ. ಎಷ್ಟೋ ಮನೆಗಳಲ್ಲಿ ಅದು ಮುಚ್ಚಳ ತೆಗೆಯದೇ ಕಿಟಕಿಯ ಮೇಲೆ ಕೂತಿರುತ್ತದೆ. ಹಾಗಾಗಿ ನಾವು ಹಚ್ಚಿ ತೋರಿಸತೊಡಗಿದೆವು. ಅಂಗೈಗೆ ಸುರಿದುಕೊಂಡು ಪಾದದ ಬೆರಳ ಸಂದಿನಿಂದ ಶುರುಮಾಡಿ ಹಿಮ್ಮಡಿ, ಮೊಣಕಾಲಿನ ಹಿಂಭಾಗ, ತೊಡೆಯವರೆಗೆ. ಆಮೇಲೆ ಕೈ, ಕುತ್ತಿಗೆ. ಕಣ್ಣು ಬಾಯಿಯ ಹತ್ತಿರ ಬೇಡ. ಬೆಟ್ಟಕ್ಕೆ ಹೊರಡುವ ಮುಂಚೆಯೇ ಹಚ್ಚಬೇಕು, ಅಲ್ಲಿಗೆ ಹೋಗಿ ಅಲ್ಲ. ಅಂಟಂಟು, ವಾಸನೆ ಎಂದು ಹಲವರು ದೂರಿದರು. ದರಕು ಗುಡಿಸುವಾಗ ಧೂಳೆಲ್ಲ ಮೈಗೆ ಮೆತ್ತಿಕೊಳ್ಳುತ್ತದೆ ಎಂಬ ಅವರ ದೂರಿನಲ್ಲಿ ಹುರುಳಿದೆ. ಅದಕ್ಕೆ ತುಂಬುತೋಳಿನ ಹಳೆಯ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು ತೊಡುವಂತೆ ಹೇಳಿದೆವು. ಹೆಂಗಸರು ಸೀರೆಯ ಮೇಲೆ ಗಂಡನ ಅಂಗಿ ತೊಟ್ಟು, ಒಳಗೆ ಮಗನ ಹಳೇ ಪ್ಯಾಂಟು ಹಾಕಿಕೊಂಡು ಹೊರಟಿದ್ದನ್ನು ಕಂಡು ನನಗೆ ಆದ ಸಂತೋಷ ದೊಡ್ಡದು.

ಮನೆಗೆ ಬಂದ ಮೇಲಿನ ಕೆಲಸವನ್ನು ನಾನು ಹೆಚ್ಚು ಒತ್ತಿ ಹೇಳುತ್ತೇನೆ. ಬಟ್ಟೆಯನ್ನು ಹೊರಗೇ ಕಳಚಿ ಬಿಸಿನೀರಿನಲ್ಲಿ ನೆನೆಹಾಕುವುದು, ಸೋಪು ಹಚ್ಚಿ ಬಿಸಿನೀರಿನ ಸ್ನಾನ, ಆಮೇಲೆ ಒಬ್ಬರ ಮೈಯನ್ನು ಇನ್ನೊಬ್ಬರು ನೋಡುವುದು. ಈ ಕಾಯಿಲೆ ಹರಡುವ ಉಣುಗಿನ ಮರಿ ಎಳ್ಳುಕಾಳಿಗಿಂತ ದೊಡ್ಡದಿರುವುದಿಲ್ಲ. ಉಡಿದಾರದ ಕೆಳಗೆ, ಕಂಕುಳಲ್ಲಿ, ಕಿವಿಯ ಹಿಂದೆ, ಮೊಣಕಾಲ ಮಡಿಕೆಯಲ್ಲಿ ಬೆರಳಾಡಿಸಿ ಹುಡುಕಬೇಕು. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಬೇಕು. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಾಕುವುದು, ಬೆರಳಲ್ಲಿ ಹಿಸುಕುವುದು ಬೇಡ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ನಮಗೋ ಅರಣ್ಯ ಇಲಾಖೆಯವರಿಗೋ ತಿಳಿಸಬೇಕು. ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳು ಆ ಜಾಗದಲ್ಲೇ ಕಾದಿರುತ್ತವೆ. ಸುತ್ತ ಐವತ್ತು ಅಡಿ ಮೆಲಾಥಿಯಾನ್ ಪುಡಿ ಹಾಕುವುದು ಅದಕ್ಕೇ.

ಇಷ್ಟರಲ್ಲಿ ನಾನು ಎಣಿಸದಿದ್ದ ಕಡೆಯಿಂದ ತೊಂದರೆ ಬಂತು. ಗುರುವಾರದ ಮಕ್ಕಳ ಲಸಿಕೆಗೆ ಒಂದಿಬ್ಬರು ತಾಯಂದಿರು ಬರಲಿಲ್ಲ. ಮನೆಗೆ ಹೋದರೆ ಅಪ್ಪನ ಮಾತು: "ಆ ಲಸಿಕೆ ಸುಳ್ಳಾಯಿತಲ್ಲ, ಇದು ನಿಜ ಎಂದು ಹೇಗೆ ನಂಬುವುದು?" ಮೇಲಾಗಿ 2023ರ ಜನವರಿಯಿಂದ ಒಂಬತ್ತು ತಿಂಗಳ ಮಗುವಿಗೆ ಪೋಲಿಯೋ ಚುಚ್ಚುಮದ್ದಿನ ಮೂರನೇ ಡೋಸ್ ಸೇರಿತು. ದೊಡ್ಡ ಮಗುವಿಗೆ ಇಲ್ಲದ್ದು ಚಿಕ್ಕದಕ್ಕೆ ಏಕೆ ಎಂಬ ಅನುಮಾನವೂ ಅದರೊಂದಿಗೆ ಸೇರಿಕೊಂಡಿತು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸಾಪಿನ ಒಂದು ಸುಳ್ಳು ಸುದ್ದಿ ಎಷ್ಟು ಮಕ್ಕಳ ಲಸಿಕೆಯನ್ನು ತಡೆದಿತ್ತು ಎಂಬುದನ್ನು ಕಂಡವಳು ನಾನು. ಈ ಮಾತನ್ನು ಬೆಳೆಯಲು ಬಿಡಬಾರದಿತ್ತು.

ನಾನು ತಾಯಿ ಕಾರ್ಡನ್ನೇ ಬಿಚ್ಚಿಟ್ಟುಕೊಂಡು ಒಂದೊಂದು ಸಾಲಿಗೂ ಕಾಯಿಲೆಯ ಹೆಸರು ಹೇಳಿದೆ. ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯು, ದಡಾರ. ಆ ಮನೆಯ ಅಜ್ಜಿಗೆ ಇವೆಲ್ಲ ಕಣ್ಣಾರೆ ಕಂಡದ್ದು, ಮೊಮ್ಮಗಳಿಗೆ ಬರೀ ಹೆಸರು. ಪೋಲಿಯೋದ ಕಾಡುವೈರಸ್ಸಿನ ಕೊನೆಯ ಪ್ರಕರಣ ದೇಶದಲ್ಲಿ ಕಂಡದ್ದು 2011ರ ಜನವರಿಯಲ್ಲಿ. ಆಮೇಲೆ ಅದು ಕಾಣದೇ ಹೋದದ್ದು ಲಸಿಕೆಯಿಂದಲೇ. "ಸಾಲದು ಎಂದು ಕಂಡ ಲಸಿಕೆಯನ್ನು ನಿಲ್ಲಿಸಿದರು, ಇನ್ನೊಂದು ಡೋಸ್ ಬೇಕು ಎಂದು ಕಂಡಲ್ಲಿ ಸೇರಿಸಿದರು. ಎರಡೂ ಪರೀಕ್ಷೆ ಮಾಡಿ ನೋಡಿಯೇ ಮಾಡಿದ್ದು" ಎಂದೆ. ಅಜ್ಜಿ ನನ್ನ ಪರವಾಗಿ ಮಾತಾಡಿದ್ದು ನನ್ನ ಮಾತಿಗಿಂತ ಹೆಚ್ಚು ಕೆಲಸ ಮಾಡಿತು. ಅಂದಿನಿಂದ ಅನುಮಾನವಿದ್ದ ಮನೆಗೆ ಹೋದಾಗ ನಾನು ಮೊದಲು ಹುಡುಕುವುದು ಅಜ್ಜಿಯನ್ನು.

ಲಸಿಕೆ, ಎಣ್ಣೆ ಇವನ್ನೆಲ್ಲ ವರದಿಯಲ್ಲಿ ಬರೆಯಲು ಬರುತ್ತದೆ. ಹೆದರಿಕೆಯನ್ನು ಬರೆಯಲು ನಮ್ಮ ನಮೂನೆಗಳಲ್ಲಿ ಕಾಲಮ್ಮೇ ಇಲ್ಲ. ಜ್ವರದಿಂದ ಎದ್ದವರು ವಾರಗಟ್ಟಲೆ ಸುಸ್ತಿನಲ್ಲಿರುತ್ತಾರೆ, ಕೆಲವರಿಗೆ ಕೈ ನಡುಗುತ್ತದೆ. ಮನೆಯವರಿಗೆ ಅದು ಸೋಮಾರಿತನದಂತೆ ಕಾಣುತ್ತದೆ. ಗಂಡನನ್ನು ಈ ಜ್ವರದಲ್ಲಿ ಕಳೆದುಕೊಂಡ ಒಬ್ಬಾಕೆ ಸೊಪ್ಪಿಗೆಂದು ಬೆಟ್ಟ ಹತ್ತುವುದನ್ನೇ ಬಿಟ್ಟಿದ್ದರು. ದನ ಮಾರಿದರು, ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಊರಿನವರು ದೇವರ ಹತ್ತಿರ ಕೇಳಿಸಿದ್ದರು. ನಾನು ಅದನ್ನು ಬೇಡ ಎನ್ನಲಿಲ್ಲ. ಪಕ್ಕದಲ್ಲಿ ಕೂತು, "ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ ಅನಿಸುತ್ತಿದೆಯೇ? ಬೇಜಾರು ದಿನವಿಡೀ ಇರುತ್ತದೆಯೇ?" ಎಂದು ಕೇಳಿದೆ. ಹೌದು ಎಂದ ಮೇಲೆ, "ಬದುಕು ಸಾಕು ಅನಿಸಿದ್ದುಂಟೇ?" ಎಂದೂ ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಎಂದು ಹಲವರು ಅಂದುಕೊಂಡಿದ್ದಾರೆ. ಹಾಗಾಗುವುದಿಲ್ಲ. ಕೇಳಿದ ಮೇಲೆ ಆಕೆ ಅತ್ತರು, ಅತ್ತ ಮೇಲೆ ಮಾತಾಡಿದರು. ಅಂದು ಆ ಮನೆಯಿಂದ ಹೊರಡುವ ಮೊದಲು ಅವರ ಮೈದುನನಿಗೆ ಹೇಳಿ ತೋಟದ ಕೀಟನಾಶಕವನ್ನು ಬೀಗ ಹಾಕಿದ ಪೆಟ್ಟಿಗೆಗೆ ಸೇರಿಸಿದೆವು, ರಾತ್ರಿ ಆಕೆಯ ಜೊತೆ ಒಬ್ಬರು ಮಲಗುವಂತೆ ನೋಡಿಕೊಂಡೆವು.

ಲಸಿಕೆ ನಿಂತ ಅದೇ ಅಕ್ಟೋಬರಿನಲ್ಲಿ ಟೆಲಿಮನಸ್ ಎಂಬ, ಮನಸ್ಸಿನ ಕಷ್ಟಕ್ಕೆ ಫೋನಿನಲ್ಲಿ ನೆರವು ಕೊಡುವ ಸರ್ಕಾರಿ ಸಹಾಯವಾಣಿ ಶುರುವಾಗಿತ್ತು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಹಗಲು ರಾತ್ರಿ ಇದೆ. ನಮ್ಮ ಊರುಗಳ ಕಷ್ಟ ಸಿಗ್ನಲ್ಲಿನದು. ಸಿಗ್ನಲ್ ಸಿಗುವುದು ಬಸ್ ನಿಲ್ಲುವಲ್ಲಿ, ಅಲ್ಲಿ ನಿಂತು ಮನಸ್ಸಿನ ಮಾತು ಯಾರು ಆಡುತ್ತಾರೆ? ಉಪಕೇಂದ್ರದ ಹಿಂದಿನ ಕೋಣೆಯಲ್ಲಿ ಸಿಗ್ನಲ್ ಇದೆ. ಆಕೆಯನ್ನು ಅಲ್ಲಿ ಕೂರಿಸಿ, ಕರೆ ಹಚ್ಚಿಕೊಟ್ಟು, ಬಾಗಿಲು ಎಳೆದುಕೊಂಡು ನಾನು ಹೊರಗೆ ರಿಜಿಸ್ಟರ್ ಬರೆಯುತ್ತಾ ಕೂತೆ. ಆಮೇಲೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಮಂಗಳವಾರ ಕರೆದುಕೊಂಡು ಹೋದೆವು. ಮಾತ್ರೆ ಕೊಟ್ಟರು. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು, ತಾವೇ ನಿಲ್ಲಿಸಬಾರದು ಎಂಬುದನ್ನು ಮನೆಯವರಿಗೂ ತಿಳಿಸಿ ಹೇಳಿದೆ. ಆಕೆಗೆ ಈಗ ನಿದ್ದೆ ಬರುತ್ತದೆ. ಬೆಟ್ಟಕ್ಕೆ ಇನ್ನೂ ಹೋಗುವುದಿಲ್ಲ, ನಾವು ಒತ್ತಾಯಿಸಿಯೂ ಇಲ್ಲ. ಜ್ವರ ಬಂದವರ ಮನೆಯವರಿಗೆ ನಾನು ಹೇಳುವುದು ಒಂದೇ: ಈ ಜ್ವರ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಇದು ತಿಳಿಯದೆ ಎದ್ದು ಬಂದ ರೋಗಿಯ ತಟ್ಟೆಯನ್ನು ಬೇರೆ ಇಟ್ಟ ಮನೆಗಳಿವೆ. ಆ ಒಂದು ತಟ್ಟೆ ಅವರ ಮನಸ್ಸಿಗೆ ಮಾಡುವ ಗಾಯ ಜ್ವರಕ್ಕಿಂತ ಹೆಚ್ಚು ದಿನ ಉಳಿಯುತ್ತದೆ.

2024ರ ಆರಂಭದಲ್ಲಿ ಮಲೆನಾಡಿನಲ್ಲಿ ಮತ್ತೆ ಕಾಯಿಲೆ ಕಾಣಿಸಿಕೊಂಡು ಸಾವುಗಳಾದಾಗ ನಮ್ಮ ಊರುಗಳಲ್ಲಿ ಜ್ವರ ಬಂದವರು ಎರಡನೇ ದಿನಕ್ಕೇ ಬಂದರು. ಇದ್ದಕ್ಕಿದ್ದಂತೆ ಜೋರು ಜ್ವರ, ಹಣೆ ಸಿಡಿಯುವ ತಲೆನೋವು, ಮೈಕೈ ನೋವು, ಕೆಂಗಣ್ಣು ಇದ್ದರೆ ಮೆಡಿಕಲ್ ಶಾಪಿನ ಮಾತ್ರೆಯಲ್ಲಿ ಕಾಲ ಕಳೆಯಬಾರದು. ನೋವಿನ ಕೆಲವು ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ, ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಬೇಡ. ರಕ್ತದ ಮಾದರಿ ಬೇಗ ಕಳಿಸಿದಷ್ಟೂ ಒಳ್ಳೆಯದು. ಒಮ್ಮೆ ಇಳಿದ ಜ್ವರ ಒಂದೆರಡು ವಾರದ ಮೇಲೆ ಮರಳಿ, ಮಾತು ತಡವರಿಸಿದರೆ ಅಥವಾ ಮಂಪರು ಕವಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಹೊಸ ಲಸಿಕೆ ಯಾವಾಗ ಎಂದು ಗುರುವಾರ ಗುರುವಾರ ಕೇಳುತ್ತಾರೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕಡೆಯಿಂದ ಅದರ ಕೆಲಸ ನಡೆದಿದೆ ಎಂದು ಹೇಳುತ್ತೇನೆ, ತಿಂಗಳು ವರ್ಷ ಹೇಳುವುದಿಲ್ಲ. ಅದು ಬಂದ ದಿನ ಎಷ್ಟು ಡೋಸ್, ಯಾರಿಗೆ, ಎಷ್ಟು ಕಾಲದ ರಕ್ಷಣೆ ಎಂಬುದನ್ನು ಡೈರಿಯ ಮುಂದೆಯೇ ಹೇಳುವುದಾಗಿ ಮಾತು ಕೊಟ್ಟಿದ್ದೇನೆ. ಈ ವರ್ಷದ ಎಣ್ಣೆಯ ಬೇಡಿಕೆ ಪಟ್ಟಿಯನ್ನು ಸೆಪ್ಟೆಂಬರಿನಲ್ಲೇ ಕಳಿಸಿದ್ದೇವೆ. ಆಶಾ ಕಾರ್ಯಕರ್ತೆಯರು ಪ್ರತಿ ಮನೆಯಲ್ಲಿ ಬೆಟ್ಟಕ್ಕೆ ಹೋಗುವವರ ಹೆಸರಿನ ಜೊತೆಗೆ ಹೋದ ವರ್ಷ ಜ್ವರದಿಂದ ಎದ್ದವರ ಹೆಸರನ್ನೂ ಬರೆದುಕೊಂಡಿದ್ದಾರೆ. ಮೊದಲ ಭೇಟಿ ಆ ಮನೆಗಳಿಗೆ.